ಲೋ ಮಾಡಿಸಿದ ಹಳೆ ಕಾರಿಗೆ ಯಾವ ರಿಮ್, ಯಾವ ಟೈರ್? ಅಳತೆ ಹಿಡಿದು ಆರಿಸುವ ಬಗೆ

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಓದುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಎಸ್ಟೀಮ್ ಲೋ ಮಾಡಿಸೀನ್ರಿ, 15 ಇಂಚಿನ ಅಲಾಯ್ ಕುಂದರ್ತದೇನ್ರಿ?" ಹಳೆ ಹೋಂಡಾ ಸಿಟಿ, ಹ್ಯುಂಡೈ ಆಕ್ಸೆಂಟ್, ಫೋರ್ಡ್ ಐಕಾನ್, ಫಿಯಟ್ ಪಾಲಿಯೊ ಇಟ್ಟುಕೊಂಡವರೂ ಇದನ್ನೇ ಕೇಳುತ್ತಾರೆ. ಲೋ ಮಾಡಿಸುವುದು ಅಂದರೆ ಕಾರಿನ ಬಾಡಿಯನ್ನು ನೆಲಕ್ಕೆ ಹತ್ತಿರ ಇಳಿಸುವುದು, ಅಲಾಯ್ ಅಂದರೆ ಮಿಶ್ರಲೋಹದ ರಿಮ್. ಇದಕ್ಕೆ ಹೌದು, ಇಲ್ಲ ಅಂತ ಒಂದೇ ಮಾತಿನಲ್ಲಿ ಉತ್ತರ ಹೇಳಲು ಬರುವುದಿಲ್ಲ. ಒಬ್ಬರ ಕಾರು 30 ಮಿಮೀ ಇಳಿದಿರುತ್ತದೆ, ಇನ್ನೊಬ್ಬರದು 60. ಅಂಗಡಿಯ ಮುಂದೆ ನಿಂತಾಗ ಯಾವ ರಿಮ್ ಆದರೂ ಕೂರುತ್ತದೆ. ನಾಲ್ಕು ಜನ ಹತ್ತಿ, ಹಂಪ್ ದಾಟಿ, ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗಲೂ ಉಜ್ಜಬಾರದು, ಅದು ಮುಖ್ಯ.

ಮೊದಲೇ ಒಂದು ಮಾತು. ಹೆಚ್ಚಿನವರು ರಿಮ್ ಮೊದಲು ತರುತ್ತಾರೆ, ಆಮೇಲೆ ಕಾರು ಇಳಿಸುತ್ತಾರೆ, ಕೊನೆಗೆ ಫೆಂಡರ್ (ಚಕ್ರದ ಮೇಲಿನ ಬಾಡಿಯ ತಗಡು) ಬಡಿಸುತ್ತಾರೆ. ಈ ಕ್ರಮ ಪೂರ್ತಿ ತಿರುವುಮುರುವು. ಮೊದಲು ಇಳಿಸಿ, ಆಮೇಲೆ ಅಳೆಯಿರಿ, ರಿಮ್ ಕೊಳ್ಳುವುದು ಕೊನೆಗೆ.

ಬೇಕಾಗುವ ಸಾಮಾನು

ಟೇಪು, ಎರಡಡಿ ಉದ್ದದ ನೇರ ಪಟ್ಟಿ, ಗೌಂಡಿಗಳು ಬಳಸುವ ತೂಗುಗುಂಡು, ಸೀಮೆಸುಣ್ಣ, ಜಾಕ್, ಎರಡು ಜಾಕ್ ಸ್ಟ್ಯಾಂಡ್, ಒಂದು ನೋಟ್‌ಬುಕ್, ಒಂದು ಉಂಡೆ ಚಪಾತಿ ಹಿಟ್ಟು. ಹಿಟ್ಟು ಯಾಕೆ ಅಂತ ಮುಂದೆ ಹೇಳುತ್ತೇನೆ. ಜಾಕ್ ಕೆಳಗೆ ದಪ್ಪ ಮರದ ಹಲಗೆ ಹಾಕಿ. ನಮ್ಮ ಎರೆ ಮಣ್ಣಿನಲ್ಲಿ ಜಾಕ್ ಹೂತುಹೋಗುತ್ತದೆ. ಪರಸಿ ಹಾಸಿದ ಅಂಗಳವನ್ನೂ ನಂಬಬೇಡಿ, ಭಾರ ಒಂದೇ ಕಡೆ ಬಿದ್ದರೆ ಶಹಾಬಾದ್ ಕಲ್ಲು ಸೀಳುತ್ತದೆ. ಬರೀ ಜಾಕ್ ಮೇಲೆ ನಿಂತ ಕಾರಿನ ಕೆಳಗೆ ಕೈ ಕೂಡ ಹಾಕಬೇಡಿ.

ಹಂತ 1: ಕಂಪನಿಯ ಸೈಜ್ ಯಾವುದು ಅಂತ ತಿಳಿಯಿರಿ

ಈಗ ಕಾರಿನಲ್ಲಿರುವ ಟೈರ್ ನೋಡಿ ಬರೆದುಕೊಳ್ಳಬೇಡಿ. ಹಳೆ ಕಾರು ಮೂರ್ನಾಲ್ಕು ಕೈ ದಾಟಿ ಬಂದಿರುತ್ತದೆ, ಯಾರು ಏನು ಹಾಕಿಸಿದ್ದರೋ ಗೊತ್ತಿಲ್ಲ. ಡ್ರೈವರ್ ಬಾಗಿಲ ಚೌಕಟ್ಟಿನ ಸ್ಟಿಕ್ಕರ್ ಅಥವಾ ಮ್ಯಾನ್ಯುಯಲ್ ನೋಡಿ.

175/70 ಆರ್13 82ಟಿ ಅಂತ ಇದೆ ಅಂದುಕೊಳ್ಳಿ. 175 ಅಂದರೆ ಟೈರಿನ ಅಗಲ, ಮಿಲಿಮೀಟರಿನಲ್ಲಿ. 70 ಅಂದರೆ ಟೈರಿನ ಪಕ್ಕದ ಗೋಡೆಯ, ಅಂದರೆ ಸೈಡ್‌ವಾಲ್‌ನ ಎತ್ತರ: ಅಗಲದ ಶೇ. 70. ಆರ್ ಅಂದರೆ ರೇಡಿಯಲ್. 13 ಅಂದರೆ ರಿಮ್ಮಿನ ವ್ಯಾಸ, ಇಂಚಿನಲ್ಲಿ. 82 ಅನ್ನುವುದು ಭಾರದ ಸಂಖ್ಯೆ, ಒಂದು ಟೈರ್ 475 ಕೆಜಿ ಹೊರುತ್ತದೆ ಅಂತ ಅರ್ಥ. ಟಿ ಅಂದರೆ ಗಂಟೆಗೆ 190 ಕಿಮೀ ವೇಗದವರೆಗೆ ತಡೆಯುತ್ತದೆ.

ಭಾರದ ಸಂಖ್ಯೆಯನ್ನು ಯಾರೂ ನೋಡುವುದಿಲ್ಲ, ಅದು ತಪ್ಪು. 165/65 ಆರ್14 ಟೈರಿಗೆ ಸಾಮಾನ್ಯವಾಗಿ 79 ಇರುತ್ತದೆ. ಅಂದರೆ 437 ಕೆಜಿ, ಒಂದೊಂದು ಟೈರಿಗೂ 38 ಕೆಜಿ ಕಡಿಮೆ. ಕಂಪನಿ ಕೊಟ್ಟ ಸಂಖ್ಯೆಗಿಂತ ಕೆಳಗೆ ಇಳಿಯಬೇಡಿ.

ಹಂತ 2: ಲೋ ಮಾಡಿದ ಕೆಲಸ ಸರಿಯಾಗಿದೆಯಾ ನೋಡಿ

ಸ್ಪ್ರಿಂಗ್ ಕಡಿಸಿ ಅಥವಾ ಗ್ಯಾಸ್ ಹಚ್ಚಿ ಕಾಯಿಸಿ ಇಳಿಸಿದ ಕಾರಾದರೆ ಇಲ್ಲೇ ನಿಲ್ಲಿಸಿ. ಕಾಯಿಸಿದ ಸ್ಪ್ರಿಂಗಿನ ಉಕ್ಕು ತನ್ನ ಹದ ಕಳೆದುಕೊಂಡಿರುತ್ತದೆ, ದಿನದಿಂದ ದಿನಕ್ಕೆ ಇನ್ನೂ ಕುಸಿಯುತ್ತದೆ. ನೀವು ಇವತ್ತು ಹಿಡಿದ ಅಳತೆ ಬರುವ ತಿಂಗಳಿಗೆ ಸುಳ್ಳಾಗುತ್ತದೆ. ಕಡಿದ ಸ್ಪ್ರಿಂಗಿನ ತೊಂದರೆ ಬೇರೆ. ಕಾರನ್ನು ಜಾಕ್ ಮೇಲೆ ಎತ್ತಿ, ಚಕ್ರ ನೇತಾಡಲಿ. ಸ್ಪ್ರಿಂಗನ್ನು ಕೈಯಿಂದ ಅಲ್ಲಾಡಿಸಿ. ಅದು ಸಡಿಲವಾಗಿ ಕುಣಿದರೆ, ದೊಡ್ಡ ಗುಂಡಿಯಲ್ಲಿ ಚಕ್ರ ಕೆಳಗಿಳಿದಾಗ ಸ್ಪ್ರಿಂಗ್ ತನ್ನ ಜಾಗ ಬಿಟ್ಟು ಸರಿಯಬಹುದು. ಅಂಥ ಕಾರಿಗೆ ಹೊಸ ರಿಮ್ ಅಲ್ಲ, ಅದರ ಮಾಡೆಲ್ಲಿಗೆಂದೇ ಮಾಡಿದ ಲೋವರಿಂಗ್ ಸ್ಪ್ರಿಂಗ್ ಮತ್ತು ಒಳ್ಳೆಯ ಶಾಕ್ (ಶಾಕ್ ಅಬ್ಸಾರ್ಬರ್) ಬೇಕು. ದುಡ್ಡು ಮೊದಲು ಅಲ್ಲಿಗೆ ಹೋಗಲಿ.

ಹೊಸ ಸ್ಪ್ರಿಂಗ್ ಹಾಕಿಸಿದ ಮೇಲೆ ಕೆಲವು ನೂರು ಕಿಲೋಮೀಟರ್ ಓಡಿಸಿ, ಸ್ಪ್ರಿಂಗ್ ಕೂರಲಿ. ಆಮೇಲೆ ಅಳತೆ.

ಕಾನೂನಿನ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಆರ್‌ಸಿಯಲ್ಲಿರುವ ವಿವರ ಕಂಪನಿ ಕೊಟ್ಟಿದ್ದಕ್ಕಿಂತ ಬೇರೆಯಾಗುವಂತೆ ವಾಹನ ಬದಲಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಹೇಳುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿಯಿತು. 15 ವರ್ಷ ದಾಟಿದ ಕಾರಿನ ನೋಂದಣಿ ಮುಂದುವರಿಸಲು ಆರ್‌ಟಿಒ ತಪಾಸಣೆಗೆ ಕಾರು ಒಯ್ಯಲೇಬೇಕು. ಹಾಗಾಗಿ ಹಳೆ ಸ್ಪ್ರಿಂಗ್, ಹಳೆ ರಿಮ್ ಗುಜರಿಗೆ ಹಾಕಬೇಡಿ. ಮಾಡಿಸುವ ಮೊದಲು ಆರ್‌ಟಿಒದಲ್ಲಿ ಕೇಳಿಕೊಳ್ಳಿ, ಇನ್ಶೂರೆನ್ಸ್‌ನವರಿಗೂ ಬರವಣಿಗೆಯಲ್ಲಿ ತಿಳಿಸಿ. ಟೈರ್ ಬಾಡಿಯಿಂದ ಹೊರಗೆ ಚಾಚುವ ಹಾಗಂತೂ ಮಾಡಲೇಬೇಡಿ.

ಹಂತ 3: ಜಾಗ ಎಷ್ಟಿದೆ ಅಂತ ಅಳೆಯಿರಿ

ಇಡೀ ಲೇಖನದಲ್ಲಿ ನಿಧಾನವಾಗಿ ಓದಬೇಕಾದ ಭಾಗ ಇದು. ಸಮತಟ್ಟಾದ ಜಾಗದಲ್ಲಿ ಕಾರು ನಿಲ್ಲಿಸಿ, ಸ್ಟೇರಿಂಗ್ ನೇರ ಇರಲಿ. ನಾಲ್ಕೂ ಚಕ್ರಕ್ಕೆ ಈ ಅಳತೆಗಳನ್ನು ಬೇರೆ ಬೇರೆಯಾಗಿ ತೆಗೆಯಿರಿ. ಹಳೆ ಕಾರಿನಲ್ಲಿ ಎಡಬಲ ಒಂದೇ ಸಮ ಇರುವುದು ಅಪರೂಪ.

ಮೊದಲನೆಯದು, ಹಬ್ಬಿನ (ರಿಮ್ ಬಿಗಿಯುವ ನಡುಭಾಗ, ಹಬ್) ನಡುಮಧ್ಯದಿಂದ ನೇರ ಮೇಲೆ ಫೆಂಡರ್ ಅಂಚಿನವರೆಗೆ. ನೆಲದಿಂದ ಫೆಂಡರಿಗೆ ಅಳೆಯಬೇಡಿ, ಟೈರ್ ಬದಲಾದರೆ ಆ ಅಳತೆಯೂ ಬದಲಾಗುತ್ತದೆ. ಹಬ್ಬಿನಿಂದ ಹಿಡಿದದ್ದು ಬದಲಾಗದು.

ಎರಡನೆಯದು, ಫೆಂಡರ್ ಅಂಚಿನಿಂದ ತೂಗುಗುಂಡು ಇಳಿಬಿಡಿ. ದಾರ ನಿಂತ ಮೇಲೆ, ದಾರಕ್ಕೂ ಟೈರಿನ ಉಬ್ಬಿದ ಭಾಗಕ್ಕೂ ನಡುವೆ ಎಷ್ಟಿದೆ ನೋಡಿ. ಹೊರಗಡೆ ಇರುವ ಜಾಗ ಅಷ್ಟೇ. ಫೆಂಡರ್ ಅಂಚು ಒಳಗೆ ಮಡಚಿಕೊಂಡಿರುತ್ತದೆ, ಆ ಮಡಿಕೆಯ ಅಗಲವನ್ನು ಬೆರಳಿನಿಂದ ಮುಟ್ಟಿ ನೋಡಿ ಕಳೆಯಿರಿ.

ಮೂರನೆಯದು ಒಳಗಡೆಯ ಜಾಗ, ಟೈರಿಗೂ ಶಾಕ್‌ನ ಕೊಳವೆಗೂ ನಡುವಿನದು. ಇಲ್ಲಿ ಟೇಪು ಹೋಗುವುದಿಲ್ಲ, ಅದಕ್ಕೇ ಚಪಾತಿ ಹಿಟ್ಟು. ಚಕ್ರ ಬಿಚ್ಚಿ, ನಿಂಬೆಹಣ್ಣಿನ ಗಾತ್ರದ ಉಂಡೆ ಮಾಡಿ ಶಾಕ್ ಕೊಳವೆ ಮೇಲೆ, ಟೈರ್ ಬರುವ ಎತ್ತರಕ್ಕೆ ಅಂಟಿಸಿ. ಹಿಟ್ಟಿಗೆ ಟೈರ್ ಅಂಟದಂತೆ ಮೇಲೆ ಸ್ವಲ್ಪ ಒಣ ಹಿಟ್ಟು ಉದುರಿಸಿ. ಚಕ್ರವನ್ನು ತಿರುಗಿಸದೆ ನೇರ ಒತ್ತಿ ಕೂರಿಸಿ, ನಟ್ ಕೈಯಿಂದ ಬಿಗಿ ಮಾಡಿ, ಮತ್ತೆ ಬಿಚ್ಚಿ. ಉಂಡೆ ಎಷ್ಟು ದಪ್ಪಕ್ಕೆ ಚಪ್ಪಟೆಯಾಗಿದೆಯೋ ಅಷ್ಟು ಜಾಗ ಇದೆ. ಮುಂದಿನ ಚಕ್ರ ಮತ್ತು ಶಾಕ್ ಒಂದೇ ತುಂಡಿಗೆ ಬಿಗಿದಿರುತ್ತವೆ, ಹಂಪ್ ಹತ್ತಿದಾಗಲೂ ಒಟ್ಟಿಗೇ ಮೇಲೇಳುತ್ತವೆ. ಹಾಗಾಗಿ ಅಲ್ಲಿ 5 ಮಿಮೀ ಉಳಿದರೂ ಸಾಕು. ಶಾಕ್ ಮೇಲೆ ಸ್ಪ್ರಿಂಗಿನ ತಟ್ಟೆ ಇರುತ್ತದೆ ಅಲ್ವಾ, ಟೈರಿನ ಮೇಲ್ಭಾಗ ಅದಕ್ಕೆ ತಾಗದಂತೆ ಅಲ್ಲೂ ಒಂದು ಉಂಡೆ ಇಡಿ. ಹಿಂದಿನ ಚಕ್ರಗಳಿಗೆ ಹೆಚ್ಚು ಜಾಗ ಬಿಡಿ.

ನಾಲ್ಕನೆಯದು, ಚಕ್ರ ಇನ್ನೆಷ್ಟು ಮೇಲೇಳಬಲ್ಲದು ಅನ್ನುವುದು. ಕಾರು ತನ್ನ ಚಕ್ರದ ಮೇಲೆ ನಿಂತಿರುವಾಗ, ಶಾಕ್‌ನ ಹೊಳೆಯುವ ರಾಡ್ ಬಂಪ್ ಸ್ಟಾಪ್ ಅನ್ನುವ ರಬ್ಬರ್ ಗುಂಡಿಯ ಕೆಳಗೆ ಎಷ್ಟು ಕಾಣುತ್ತದೆ ಅಳೆಯಿರಿ. ಅದಕ್ಕೆ ರಬ್ಬರಿನ ಉದ್ದದ ಅರ್ಧ ಸೇರಿಸಿ. ಹೆಚ್ಚುಕಡಿಮೆ ಅಷ್ಟು ಮೇಲೇಳುತ್ತದೆ.

ಈಗ ಇವನ್ನು ಕೂಡಿಸಿ ನೋಡೋಣ. ಹಬ್ಬಿನಿಂದ ಫೆಂಡರಿಗೆ 330 ಮಿಮೀ ಇದೆ ಅಂದುಕೊಳ್ಳಿ. ನೀವು ಹಾಕಬೇಕೆಂದಿರುವ ಟೈರಿನ ಅರ್ಧವ್ಯಾಸ 289. ನಡುವೆ ಉಳಿದದ್ದು 41. ಚಕ್ರ ಮೇಲೇಳುವುದು 55 ಮಿಮೀ ಆದರೆ, ಟೈರ್ ಫೆಂಡರ್ ಅಂಚನ್ನು ದಾಟಿ 14 ಮಿಮೀ ಮೇಲೆ ಹೋಗುತ್ತದೆ. ಅದು ತಪ್ಪೇನಲ್ಲ. ಆದರೆ ಆಗ ಟೈರ್ ಅಂಚಿನ ಒಳಗಡೆಯೇ ಹೋಗಬೇಕು, ಅಂಚಿಗೆ ಬಡಿಯಬಾರದು. ಅಂದರೆ ತೂಗುಗುಂಡಿನ ಅಳತೆಯೇ ತೀರ್ಮಾನ ಮಾಡುತ್ತದೆ. ಕಾರು ಇಳಿಸಿದವರು ಮೇಲಿನ ಗ್ಯಾಪ್ ನೋಡಿ ಸಮಾಧಾನ ಪಡುತ್ತಾರೆ, ಪಕ್ಕದ ಗ್ಯಾಪ್ ನೋಡುವುದಿಲ್ಲ. ಟೈರ್ ಕುಯ್ಯುವುದು ಅಲ್ಲೇ.

ಹಂತ 4: ಟೈರಿನ ಒಟ್ಟು ಎತ್ತರ ಲೆಕ್ಕ ಹಾಕಿ

ಸೂತ್ರ ಸರಳ. ಅಗಲವನ್ನು ಶೇಕಡಾವಾರಿಗೆ ಗುಣಿಸಿ, ಎರಡರಿಂದ ಗುಣಿಸಿ, ರಿಮ್ ವ್ಯಾಸ ಸೇರಿಸಿ. ಒಂದು ಇಂಚಿಗೆ 25.4 ಮಿಮೀ.

175/70 ಆರ್13: 122.5ರ ಎರಡರಷ್ಟು 245, ಅದಕ್ಕೆ 330.2 ಸೇರಿದರೆ 575.2 ಮಿಮೀ. ಇದು ನಮ್ಮ ಮೂಲ ಅಳತೆ. ಇದಕ್ಕೆ ಹೋಲಿಸಿ:

185/60 ಆರ್14: 577.6 ಮಿಮೀ. ಶೇ. 0.4 ಹೆಚ್ಚು.
195/50 ಆರ್15: 576 ಮಿಮೀ. ಶೇ. 0.1 ಹೆಚ್ಚು.
185/55 ಆರ್15: 584.5 ಮಿಮೀ. ಶೇ. 1.6 ಹೆಚ್ಚು.
175/60 ಆರ್14: 565.6 ಮಿಮೀ. ಶೇ. 1.7 ಕಡಿಮೆ.
185/65 ಆರ್14: 596.1 ಮಿಮೀ. ಶೇ. 3.6 ಹೆಚ್ಚು.

ಮೂಲಕ್ಕಿಂತ ಶೇ. 2ರ ಆಚೆ ಹೋಗಬೇಡಿ. ಕೊನೆಯ ಸೈಜ್ ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ, ಅದಕ್ಕೇ ಅದನ್ನೇ ಕೊಡುತ್ತಾರೆ. ಹಾಕಿಸಿದರೆ ಸ್ಪೀಡೋಮೀಟರ್ 80 ತೋರಿಸುವಾಗ ನೀವು ನಿಜಕ್ಕೂ 83ರ ಹತ್ತಿರ ಓಡುತ್ತಿರುತ್ತೀರಿ. ಜೊತೆಗೆ ಟೈರ್ ಎಲ್ಲಾ ಕಡೆ 10 ಮಿಮೀ ಹೊರಗೆ ಬರುತ್ತದೆ. ಇಳಿಸಿದ ಕಾರಿನಲ್ಲಿ ಆ 10 ಮಿಮೀ ಬಹಳ ದೊಡ್ಡದು. ಇನ್ನು ಚಿಕ್ಕ ಟೈರ್ ಹಾಕಿದರೆ ಉಜ್ಜುವುದಿಲ್ಲ ನಿಜ, ಆದರೆ ಮೊದಲೇ ಕೆಳಗಿರುವ ಕಾರು ವ್ಯತ್ಯಾಸದ ಅರ್ಧದಷ್ಟು ಇನ್ನೂ ಕೆಳಗಿಳಿಯುತ್ತದೆ.

ಹಂತ 5: 14 ಇಂಚಾ, 15 ಇಂಚಾ?

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. 13 ಇಂಚಿನ ಕಾರಿಗೆ ನಮ್ಮ ಜಿಲ್ಲೆಗಳಲ್ಲಿ 14 ಸಾಕು.

ಕಾರಣ ಸೈಡ್‌ವಾಲ್. 175/70ರಲ್ಲಿ ರಿಮ್ಮಿಗೂ ರಸ್ತೆಗೂ ನಡುವೆ 122 ಮಿಮೀ ರಬ್ಬರ್ ಇತ್ತು. 185/60ರಲ್ಲಿ 111 ಉಳಿಯುತ್ತದೆ. 195/50ರಲ್ಲಿ 97 ಮಾತ್ರ. ಕಾರು ಇಳಿಸಿದಾಗ ಸಸ್ಪೆನ್ಷನ್ ಆಡುವ ಜಾಗ ಆಗಲೇ ಕಡಿಮೆಯಾಗಿದೆ, ಹೊಡೆತ ತಿನ್ನಲು ಉಳಿದಿರುವುದು ಈ ರಬ್ಬರೇ. ಎರೆ ಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರ ಮೇಲೆ ಹಾಸಿದ ಡಾಂಬರು ಅಲೆಅಲೆಯಾಗುತ್ತದೆ. ಸೇಡಂ, ವಾಡಿ ಕಡೆ ಸಿಮೆಂಟ್ ಲಾರಿಗಳು ಓಡಾಡುವ ರಸ್ತೆಯಲ್ಲಿ ಗುಂಡಿಯ ಅಂಚು ಚೂಪಾಗಿರುತ್ತದೆ. ಹುಮನಾಬಾದ್ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 65ರಲ್ಲಷ್ಟೇ ಓಡಿಸುವುದಾದರೆ 15 ಇಂಚು ನಡೆದೀತು. ಆದರೆ ಹೆದ್ದಾರಿಯಿಂದ ಊರಿಗೆ ಇಳಿಯಲೇಬೇಕಲ್ಲ. ಹಂಪ್ 10 ಸೆಂಮೀ ಎತ್ತರ, 3.7 ಮೀಟರ್ ಅಗಲ ಇರಬೇಕು ಅಂತ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾನದಂಡ ಇದೆ. ಹಳ್ಳಿಯ ಮುಂದೆ ಊರವರೇ ಹಾಕಿಕೊಂಡ ಹಂಪಿಗೆ ಆ ಲೆಕ್ಕ ಇರುವುದಿಲ್ಲ. ಕಡಿದಾದ ಹಂಪ್ ಆದರೆ ತೆಳು ಟೈರ್ ನಜ್ಜಿ, ರಿಮ್ಮಿನ ಒಳ ಅಂಚು ಬಾಗುತ್ತದೆ.

15 ಹಾಕಲೇಬೇಕು ಅನ್ನುವವರು 195/50 ಬದಲು 185/55 ನೋಡಿ. ಸೈಡ್‌ವಾಲ್ 4 ಮಿಮೀ ಹೆಚ್ಚು ಸಿಗುತ್ತದೆ, ಅಗಲ ಕಡಿಮೆ ಇರುವುದರಿಂದ ಫೆಂಡರಿಗೂ ದೂರ. ಆದರೆ ಒಟ್ಟು ಎತ್ತರ ಜಾಸ್ತಿ, ಹಂತ 3ರ ಅಳತೆಗೆ ಇನ್ನೊಮ್ಮೆ ಹೋಲಿಸಿ.

ಹಂತ 6: ರಿಮ್ಮಿನ ನಾಲ್ಕು ಅಳತೆ

ಪಿಸಿಡಿ: ನಟ್ ತೂತುಗಳು ಕೂತಿರುವ ವೃತ್ತದ ವ್ಯಾಸ. ನಾಲ್ಕು ತೂತಿನ ರಿಮ್ ಆದರೆ ಎದುರುಬದುರು ತೂತುಗಳ ಮಧ್ಯದಿಂದ ಮಧ್ಯಕ್ಕೆ ಅಳೆದರೆ ಆಯಿತು. ಎಸ್ಟೀಮ್, ಆಕ್ಸೆಂಟ್, ಹಳೆ ಸಿಟಿಗೆ 4×100, ಅಂದರೆ ನಾಲ್ಕು ತೂತು, 100 ಮಿಮೀ ವ್ಯಾಸ. ಐಕಾನ್‌ಗೆ 4×108. ಮಾರುತಿ 800ಕ್ಕೆ 4×114.3. ಪಾಲಿಯೊ, ಯುನೋಗೆ 4×98. ಈ ಕೊನೆಯದರಲ್ಲೇ ಅಪಾಯ ಇರುವುದು. 4×100 ರಿಮ್ಮನ್ನು 4×98 ಹಬ್ಬಿಗೆ ಒತ್ತಾಯದಿಂದ ಬಿಗಿದರೆ ಬಿಗಿದ ಹಾಗೇ ಕಾಣುತ್ತದೆ. ಆದರೆ ಬೋಲ್ಟ್ ಓರೆಯಾಗಿ ಕೂತಿರುತ್ತದೆ, ಓಡುತ್ತಾ ಸಡಿಲವಾಗುತ್ತದೆ, ಇಲ್ಲವೇ ತುಂಡಾಗುತ್ತದೆ. "ಎರಡೇ ಮಿಮೀ ಅದರೀ, ಏನಾಗಲ್ಲ" ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ನಡುವಿನ ತೂತು: ಎಸ್ಟೀಮ್, ಆಕ್ಸೆಂಟ್‌ಗೆ 54.1 ಮಿಮೀ, ಹೋಂಡಾಕ್ಕೆ 56.1, ಫಿಯಟ್‌ಗೆ 58.1, ಐಕಾನ್‌ಗೆ 63.4. ರಿಮ್ಮಿನ ತೂತು ಹಬ್ಬಿಗಿಂತ ದೊಡ್ಡದಿದ್ದರೆ ನಡುವೆ ಹಬ್ ರಿಂಗ್ ಹಾಕಿಸಿ. ಹಾಕದಿದ್ದರೆ ಚಕ್ರ ನಡುಮಧ್ಯಕ್ಕೆ ಕೂರದೆ 80ರ ಮೇಲೆ ಸ್ಟೇರಿಂಗ್ ನಡುಗಬಹುದು. ಜನ ಬ್ಯಾಲೆನ್ಸಿಂಗ್ ಮೇಲೆ ಬ್ಯಾಲೆನ್ಸಿಂಗ್ ಮಾಡಿಸುತ್ತಾರೆ, ಕಾರಣ ಇಲ್ಲಿರುತ್ತದೆ.

ಅಗಲ: 6 ಜೆ ಅಂದರೆ 6 ಇಂಚು. 185/60ಕ್ಕೆ 5.5 ಅಥವಾ 6 ಸರಿ. ಅಗಲ ರಿಮ್ಮಿಗೆ ಸಣ್ಣ ಟೈರ್ ಎಳೆದು ಕೂರಿಸುವ ಚಾಳಿ ನಮ್ಮ ರಸ್ತೆಗೆ ಬೇಡ. ಒಂದೇ ಗುಂಡಿಗೆ ಟೈರ್ ರಿಮ್ ಬಿಟ್ಟು ಬರಬಹುದು.

ಆಫ್‌ಸೆಟ್: ರಿಮ್ಮಿನ ಅಗಲದ ನಡುಗೆರೆಯಿಂದ, ಹಬ್ಬಿಗೆ ಅಂಟುವ ಮುಖ ಎಷ್ಟು ದೂರ ಇದೆ ಅನ್ನುವ ಅಳತೆ. ರಿಮ್ ಹಿಂದೆ ಇಟಿ 38, ಇಟಿ 45 ಅಂತ ಅಚ್ಚಾಗಿರುತ್ತದೆ. ಸಂಖ್ಯೆ ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಅಗಲದ ಅರ್ಧದಿಂದ ಇಟಿ ಕಳೆದರೆ ಹೊರ ಅಂಚು, ಇಟಿ ಕೂಡಿಸಿದರೆ ಒಳ ಅಂಚು. ಉದಾಹರಣೆಗೆ ಹಳೆಯದು 5 ಜೆ, ಇಟಿ 45. ಅರ್ಧ ಅಗಲ 63.5, ಹೊರಗೆ 18.5, ಒಳಗೆ 108.5. ಹೊಸದು 6 ಜೆ, ಇಟಿ 38. ಅರ್ಧ ಅಗಲ 76.2, ಹೊರಗೆ 38.2, ಒಳಗೆ 114.2. ಅಂದರೆ ಹೊರಗೆ ಸುಮಾರು 20 ಮಿಮೀ, ಒಳಗೆ 6 ಮಿಮೀ ಹೆಚ್ಚು ಜಾಗ ಬೇಕು. ತೂಗುಗುಂಡು ತೋರಿಸಿದ ಜಾಗ, ಹಿಟ್ಟು ತೋರಿಸಿದ ಜಾಗ ಇವೆರಡಕ್ಕೆ ಇದನ್ನು ಹೋಲಿಸಿ. ಟೈರ್ ರಿಮ್ಮಿಗಿಂತ ಎಷ್ಟು ಉಬ್ಬುತ್ತದೆ ಅನ್ನುವುದು ಟೈರಿನಿಂದ ಟೈರಿಗೆ ಬೇರೆ, ಅದಕ್ಕೆ ಒಂದಿಷ್ಟು ಜಾಗ ಬಿಡಿ. ಮೂಲ ಇಟಿಗಿಂತ 10ರಷ್ಟು ಕೆಳಗೆ ಹೋದರೆ ಸಾಕು. ಅದಕ್ಕೂ ಹೆಚ್ಚಾದರೆ ಬೇರಿಂಗಿಗೆ ಹೊರೆ, ಗುಂಡಿಯಲ್ಲಿ ಸ್ಟೇರಿಂಗ್ ಕೈಯಿಂದ ಎಳೆಯುತ್ತದೆ.

ಇಟಿ ಅಚ್ಚು ಅಳಿಸಿಹೋಗಿದ್ದರೆ ಹೀಗೆ ಕಂಡುಹಿಡಿಯಿರಿ. ರಿಮ್ಮನ್ನು ಬೋರಲು ಹಾಕಿ, ಹಿಂದಿನ ಅಂಚಿನ ಮೇಲೆ ನೇರ ಪಟ್ಟಿ ಇಡಿ. ಪಟ್ಟಿಯಿಂದ ಹಬ್ ಅಂಟುವ ಮುಖದವರೆಗೆ ಅಳೆಯಿರಿ. 6 ಇಂಚಿನ ರಿಮ್ಮಿನ ಪೂರ್ತಿ ಅಗಲ ಅಂಚು ಸೇರಿ ಸುಮಾರು 177 ಮಿಮೀ, ಅರ್ಧ 88.5. ನಿಮ್ಮ ಅಳತೆ 126 ಬಂದರೆ, 88.5 ಕಳೆದು ಉಳಿಯುವ 37.5 ಅದರ ಇಟಿ.

ಹಂತ 7: ರಿಮ್, ಟೈರ್ ಕೊಳ್ಳುವಾಗ

ಹೈದರಾಬಾದ್, ಸೋಲಾಪುರದಿಂದ ಸೆಕೆಂಡ್ ಹ್ಯಾಂಡ್ ಅಲಾಯ್ ತರುವವರು ತುಂಬಾ ಜನ. ಹೊರಮುಖದ ಹೊಳಪಿಗೆ ಮರುಳಾಗಬೇಡಿ, ತಿರುಗಿಸಿ ಒಳಗಡೆ ನೋಡಿ. ವೆಲ್ಡಿಂಗ್ ಗೆರೆ, ಪುಟ್ಟಿ ಮೇಲೆ ಹೊಸ ಬಣ್ಣ, ಅಗಲವಾಗಿ ಹೋದ ನಟ್ ತೂತು ಕಂಡರೆ ಬಿಡಿ. ಟೈರ್ ಹಾಕುವ ಮೊದಲೇ ಬರೀ ರಿಮ್ಮನ್ನು ಬ್ಯಾಲೆನ್ಸಿಂಗ್ ಮಷೀನಿನ ಮೇಲೆ ತಿರುಗಿಸಿ ತೋರಿಸಲು ಹೇಳಿ. ಒಳ ಅಂಚು ಕುಣಿಯುತ್ತಿದ್ದರೆ ಅಲ್ಲೇ ಗೊತ್ತಾಗುತ್ತದೆ.

ನಟ್ ಬಗ್ಗೆ ಎಚ್ಚರ. ಮಾರುತಿಯ ಮರೆ (ನಟ್-ಬೋಲ್ಟಿನ ಸುರುಳಿ ಗೆರೆ) 12×1.25, ಅಂದರೆ 12 ಮಿಮೀ ದಪ್ಪ, ಸುರುಳಿಯಿಂದ ಸುರುಳಿಗೆ 1.25 ಮಿಮೀ. ಹೋಂಡಾ ಮತ್ತು ಹ್ಯುಂಡೈಯದು 12×1.5. ಅದಲುಬದಲು ಮಾಡಿದರೆ ಮರೆ ಕಿತ್ತುಹೋಗುತ್ತದೆ. ಹೋಂಡಾದ ಮೂಲ ನಟ್ಟಿನ ತುದಿ ಗುಂಡಗಿರುತ್ತದೆ, ಹೊರಗಿನ ಅಲಾಯ್‌ಗಳಿಗೆ ಬಹುತೇಕ ಶಂಕುವಿನಾಕಾರದ ತುದಿ ಬೇಕು. ರಿಮ್ ಜೊತೆ ಅದಕ್ಕೆ ಹೊಂದುವ ನಟ್ ಕೂಡ ಕೊಳ್ಳಿ. ನಟ್ ಕನಿಷ್ಠ 8 ಸುತ್ತು ಹಿಡಿಯಬೇಕು, ಮಾರುತಿಯಂಥ ಸಣ್ಣ ಮರೆಗೆ 10. ನಟ್ ಹಿಡಿತ ತಿನ್ನುವ ಬಿಡಿ ಸ್ಪೇಸರ್ (ಹಬ್ಬಿಗೂ ರಿಮ್ಮಿಗೂ ನಡುವೆ ಹಾಕುವ ಬಿಲ್ಲೆ) ಬಳಸಬೇಡಿ.

ಟೈರ್ ಪಕ್ಕದಲ್ಲಿ ನಾಲ್ಕಂಕಿಯ ತಾರೀಕು ಇರುತ್ತದೆ. 2324 ಅಂದರೆ 2024ರ 23ನೇ ವಾರ. ನಮ್ಮಲ್ಲಿ ಬೇಸಿಗೆಯಲ್ಲಿ ಬಿಸಿಲು 42 ಡಿಗ್ರಿ ದಾಟುತ್ತದೆ, ರಬ್ಬರ್ ಬೇಗ ಗಡುಸಾಗುತ್ತದೆ. ಗೆರೆ ಎಷ್ಟೇ ಆಳ ಇದ್ದರೂ ಐದು ವರ್ಷ ದಾಟಿದ ಹಳೆ ಟೈರ್ ಕೊಳ್ಳಬೇಡಿ. ಗೆರೆ 1.6 ಮಿಮೀಗಿಂತ ಸವೆದ ಟೈರ್ ಓಡಿಸುವುದು ಕಾನೂನಿಗೂ ವಿರುದ್ಧ.

ಹಂತ 8: ದುಡ್ಡು ಪೂರ್ತಿ ಕೊಡುವ ಮೊದಲು ಹಾಕಿ ನೋಡಿ

ಒಂದು ರಿಮ್ಮಿಗೆ ಟೈರ್ ಕೂರಿಸಿ, ಮುಂದೆ ಒಮ್ಮೆ, ಹಿಂದೆ ಒಮ್ಮೆ ಹಾಕಿ ನೋಡಿ. ಬ್ರೇಕ್ ಕ್ಯಾಲಿಪರಿಗೂ ರಿಮ್ಮಿನ ಕಡ್ಡಿಗೂ ನಡುವೆ 3 ಮಿಮೀ ಆದರೂ ಇರಲಿ. ಆಮೇಲೆ ಆ ಚಕ್ರದ ಕೆಳಗೆ ಹಲಗೆಗಳನ್ನು ಪೇರಿಸಿ ಅದರ ಮೇಲೆ ಕಾರು ಹತ್ತಿಸಿ, ಚಕ್ರ ಒಳಕ್ಕೆ ಒತ್ತಲ್ಪಡಲಿ. ಹ್ಯಾಂಡ್‌ಬ್ರೇಕ್ ಹಾಕಿ, ಬೇರೆ ಚಕ್ರಗಳಿಗೆ ಕಲ್ಲು ಕೊಡಿ. ಸ್ಟೇರಿಂಗನ್ನು ಈ ತುದಿಯಿಂದ ಆ ತುದಿಗೆ ತಿರುಗಿಸುತ್ತಾ ಫೆಂಡರ್, ಒಳಗಿನ ಪ್ಲಾಸ್ಟಿಕ್, ಬ್ರೇಕ್ ಹೋಸ್ ಎಲ್ಲಾ ನೋಡಿ. ಪ್ಲಾಸ್ಟಿಕ್ ಹಿಡಿದ ಸ್ಕ್ರೂ ತುದಿ ಒಳಗೆ ಚಾಚಿರುತ್ತದೆ, ಟೈರ್ ಹರಿಯುವುದು ಅದರಿಂದಲೇ.

ನಾಲ್ಕೂ ಹಾಕಿಸಿದ ಮೇಲೆ ಫೆಂಡರಿನ ಒಳ ಅಂಚಿಗೆ ಸೀಮೆಸುಣ್ಣ ಬಳಿಯಿರಿ. ಹಿಂದೆ ಮೂರು ಜನರನ್ನು ಕೂರಿಸಿಕೊಂಡು, ಡಿಕ್ಕಿಗೆ ಸಾಮಾನು ಹಾಕಿ, ರಿಂಗ್ ರೋಡಿನಲ್ಲಿ ನಿಧಾನವಾಗಿ ಒಂದು ಸುತ್ತು ಬನ್ನಿ. ಒಬ್ಬರೇ ಓಡಿಸಿ ನೋಡಿದರೆ ಏನೂ ತಿಳಿಯುವುದಿಲ್ಲ. ಮನೆಮಂದಿಯೆಲ್ಲ ಗಾಣಗಾಪುರಕ್ಕೆ ಹೊರಟ ದಿನ ಹಿಂಭಾಗ ಕುಗ್ಗುತ್ತದೆ, ಉಜ್ಜುವ ಸದ್ದು ಬರುವುದು ಆಗ. ಟೈರಿಗೆ ಸುಣ್ಣ ಅಂಟಿ ಬಂದರೆ ಎಲ್ಲಿ ತಾಗುತ್ತಿದೆ ಅಂತ ಕಾಣುತ್ತದೆ. ಸ್ವಲ್ಪವೇ ತಾಗಿದರೆ ಫೆಂಡರ್ ಅಂಚನ್ನು ರೋಲರ್ ಹಾಕಿ ಮಡಚಿಸಬಹುದು. ಸುತ್ತಿಗೆಯಿಂದ ಬಡಿಸಬೇಡಿ, ಹಳೆ ಬಣ್ಣ ಬಿರಿದು ಅಲ್ಲಿಂದಲೇ ತುಕ್ಕು ಶುರುವಾಗುತ್ತದೆ. ಜಾಸ್ತಿ ತಾಗಿದರೆ ಸೈಜ್ ತಪ್ಪಾಗಿದೆ, ವಾಪಸ್ ಕೊಡಿ.

ಹಂತ 9: ಹಾಕಿಸಿದ ಮೇಲೆ

ನಟ್‌ಗಳನ್ನು ಟಾರ್ಕ್ ರೆಂಚಿನಿಂದ, ಮ್ಯಾನ್ಯುಯಲ್ಲಿನ ಅಳತೆಗೆ, ಎದುರುಬದುರಾಗಿ ಬಿಗಿ ಮಾಡಿಸಿ. 50ರಿಂದ 100 ಕಿಮೀ ಓಡಿದ ಮೇಲೆ ಮತ್ತೊಮ್ಮೆ ಬಿಗಿ ನೋಡಿ, ಹೊಸ ಅಲಾಯ್ ಕೂತಾದ ಮೇಲೆ ನಟ್ ಸ್ವಲ್ಪ ಸಡಿಲವಾಗುವುದುಂಟು.

ವೀಲ್ ಅಲೈನ್‌ಮೆಂಟ್ ತಪ್ಪಿಸಬೇಡಿ. ಕಾರು ಇಳಿದಾಗ ಚಕ್ರದ ತಲೆ ಒಳಕ್ಕೆ ವಾಲುತ್ತದೆ, ಅದಕ್ಕೆ ಕ್ಯಾಂಬರ್ ಅನ್ನುತ್ತಾರೆ. ಜೊತೆಗೆ ಎರಡು ಚಕ್ರಗಳ ಮೂಗು ಒಳಹೊರಗೆ ಸರಿದಿರುತ್ತದೆ, ಅದು ಟೋ. ಟೈರಿನ ಒಳ ಅಂಚನ್ನು ಬೇಗ ತಿನ್ನುವುದು ಹೆಚ್ಚಾಗಿ ಟೋ, ಕ್ಯಾಂಬರ್ ಒಂದೇ ಅಲ್ಲ. ಮುಂದಿನ ಟೋ ಎಲ್ಲಾ ಕಾರಿನಲ್ಲೂ ಸರಿಮಾಡಬಹುದು. ಹೊರಗಿನಿಂದ ಟೈರ್ ಹೊಸದರಂತೆ ಕಾಣುತ್ತಿದ್ದರೂ ಒಳಗೆ ತಂತಿ ಎದ್ದಿರಬಹುದು, ತಿಂಗಳಿಗೊಮ್ಮೆ ಒಳ ಅಂಚಿಗೆ ಕೈಯಾಡಿಸಿ.

ಗಾಳಿ ಬೆಳಗ್ಗೆ, ಕಾರು ಓಡಿಸುವ ಮೊದಲು ನೋಡಿಸಿ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ನೋಡಿದರೆ ನಾಲ್ಕೈದು ಪಿಎಸ್‌ಐ ಹೆಚ್ಚು ತೋರಿಸಬಹುದು. ಅದನ್ನು ನೋಡಿ ಗಾಳಿ ಬಿಡಿಸಿದರೆ ರಾತ್ರಿ ಟೈರ್ ಮೆತ್ತಗಾಗಿರುತ್ತದೆ, ಸೈಡ್‌ವಾಲ್ ಕಡಿಮೆ ಇರುವ ಚಕ್ರದಲ್ಲಿ ಮೊದಲ ಗುಂಡಿಗೇ ರಿಮ್ ನೆಲ ಮುಟ್ಟುತ್ತದೆ. ಸ್ಟೆಪ್ನಿ ಹಳೆ 13 ಇಂಚಿನದೇ ಇದ್ದರೂ ಪರವಾಗಿಲ್ಲ, ಒಟ್ಟು ಎತ್ತರ ಹತ್ತಿರ ಹತ್ತಿರ ಒಂದೇ ಇದೆ. ಆದರೆ ಅದರ ಹಳೆ ನಟ್‌ಗಳನ್ನು ಒಂದು ಚೀಲದಲ್ಲಿ ಕಟ್ಟಿ ಡಿಕ್ಕಿಯಲ್ಲೇ ಇಡಿ.